ಸಮಾಜವನ್ನು ಅಳೆಯುವ ವೆಚ್ಚ ಯಾರದು?

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಲ್ಲಿ ನಿಂತ ನೀರು ಗೋಡೆಯ ಮೇಲೆ ಎಷ್ಟು ಒತ್ತಡ ಹೇರುವುದೆಂಬುದನ್ನು ಭೌತವಿಜ್ಞಾನವು ತಿಳಿಸಬಲ್ಲುದು. ಆದರೆ ಆ ನೀರು ಯಾರ ಹೊಲವನ್ನು ಮುಟ್ಟಿತು? ಮಳೆಯನ್ನೇ ನಂಬಿದ ಕಡೂರಿನ ರೈತನ ಮಕ್ಕಳು ಎಷ್ಟನೆಯ ತರಗತಿಯವರೆಗೆ ಓದಿದರು? ಇವನ್ನು ಅಳೆಯುವ ಮಾಪಕವು ನಮ್ಮ ಪ್ರಯೋಗಶಾಲೆಯಲ್ಲಿಲ್ಲ. ಇದು ಸಮಾಜವಿಜ್ಞಾನದ ಕಾರ್ಯ.

ಅನ್ನ ಬೆಂದಿತೇ ಎಂದು ತಿಳಿಯಲು ಒಂದೆರಡು ಅಗುಳನ್ನು ಹಿಸುಕಿದರೆ ಸಾಕು. ಇದೇ ತತ್ತ್ವದಂತೆ ಕೆಲವು ಮನೆಗಳನ್ನು ಮಾತ್ರ ಆರಿಸಿ ವಿಚಾರಿಸುವ ರಾಷ್ಟ್ರೀಯ ಮಾದರಿ ಸಮೀಕ್ಷೆಯು 1950ರಲ್ಲಿ ಆರಂಭವಾಯಿತು. ಅದರ ಪ್ರವರ್ತಕರಾದ ಪಿ. ಸಿ. ಮಹಲನೋಬಿಸ್ ಅವರು ಕಲ್ಕತ್ತೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಅಗುಳನ್ನು ಪಾತ್ರೆಯ ಎಲ್ಲ ಕಡೆಗಳಿಂದಲೂ ತೆಗೆಯಬೇಕು. ಅದಕ್ಕೆ ಊರೂರು ಅಲೆಯುವ ತರಬೇತಾದ ಜನ ಬೇಕು, ಹಣ ಬೇಕು. ಲಾಭವಿಲ್ಲದ ಈ ಕಾರ್ಯದ ಭಾರವನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕಾಗುತ್ತದೆ.

ಸರ್ಕಾರದ ಹಣವು ಎರಡು ದಾರಿಗಳಲ್ಲಿ ಹರಿಯುತ್ತದೆ. ಮೊದಲನೆಯದು, ಸರ್ಕಾರವೇ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಪಡೆಯುವುದು. 2000ದಲ್ಲಿ ನೇಮಕಗೊಂಡ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲ್ಲೂಕುಗಳನ್ನು ತೂಗಿ ನೋಡಿ, 114 ಹಿಂದುಳಿದಿವೆಯೆಂದು 2002ರಲ್ಲಿ ವರದಿಯಿತ್ತಿತು. ಅದರ ಆಧಾರದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆ ರೂಪುಗೊಂಡಿತು. ಅಂದು ಅಜ್ಜಂಪುರವು ತರೀಕೆರೆ ತಾಲ್ಲೂಕಿನ ಭಾಗ. ಇಂದು ಅದೇ ಒಂದು ತಾಲ್ಲೂಕು. ಕೂಡಿಸಿ ತೆಗೆದ ಸರಾಸರಿಯು ಒಳಗಿನ ವ್ಯತ್ಯಾಸವನ್ನು ಮರೆಮಾಡುವುದರಿಂದ ಇಂತಹ ಅಳತೆಯನ್ನು ಮರಳಿ ಮರಳಿ ಮಾಡಬೇಕಾಗುತ್ತದೆ.

ಎರಡನೆಯದು, ಪ್ರಶ್ನೆಯನ್ನು ವಿದ್ವಾಂಸರಿಗೇ ಬಿಡುವುದು. ವಿ. ಕೆ. ಆರ್. ವಿ. ರಾವ್ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1969ರಲ್ಲಿ ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಲಿಯು ಸ್ಥಾಪಿತವಾಯಿತು. ಕೇಂದ್ರ ಸರ್ಕಾರವು ಮಂಡಲಿಗೆ ಅನುದಾನ ನೀಡುತ್ತದೆ. ಮಂಡಲಿಯು ಅದನ್ನು ಸಂಸ್ಥೆಗಳಿಗೂ ಸಂಶೋಧಕರಿಗೂ ಹಂಚುತ್ತದೆ. ರಾಯರೇ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಗೆ ಈ ಮಂಡಲಿಯೂ ಕರ್ನಾಟಕ ಸರ್ಕಾರವೂ ನೆರವು ನೀಡುತ್ತ ಬಂದಿವೆ.

ಮಂಡಲಿಯೊಂದು ನಡುವೆ ಏಕೆ ಬೇಕು? ಉಷ್ಣಮಾಪಕವನ್ನು ಕೊಂಡವನು ಪಾದರಸವು ಇಲ್ಲಿಯೇ ನಿಲ್ಲಲೆಂದು ಆಜ್ಞಾಪಿಸಲಾಗದು. ಮನುಷ್ಯನಾದ ಸಂಶೋಧಕನಾದರೋ ಮುಂದಿನ ವರ್ಷದ ಅನುದಾನವನ್ನು ನೆನೆದು ಅಳುಕಬಹುದು. ಹಣ ಕೊಡುವವನಿಗೂ ಅಳೆಯುವವನಿಗೂ ನಡುವೆ ಒಂದಿಷ್ಟು ಅಂತರವಿರಲೆಂದೇ ಈ ಏರ್ಪಾಡು. ಆದರೂ ಮಂಡಲಿಯ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರವೇ ಆದುದರಿಂದ ಅಂತರವು ಪೂರ್ಣವೆನ್ನಲಾಗದು.

ಇನ್ನೊಂದು ತೊಡಕು ಪ್ರಕಟಣೆಯದು. ನಮ್ಮ ರಾಜ್ಯದಲ್ಲಿ 2015ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿಯು ಸರ್ಕಾರದ ಕೈಸೇರಿದುದು 2024ರಲ್ಲಿ. ಅಷ್ಟರಲ್ಲಿ ಅಂಕಿಗಳು ಹಳತಾಗಿದ್ದುವು; 2025ರಲ್ಲಿ ಹೊಸ ಸಮೀಕ್ಷೆಯನ್ನೇ ನಡೆಸಬೇಕಾಯಿತು.

ಈ ಹಣವು ಪ್ರಜೆಗಳದು, ಉತ್ತರ ಕೊಟ್ಟವರೂ ಪ್ರಜೆಗಳೇ. ಆದುದರಿಂದ ಫಲಿತಾಂಶವು ಹಿತವಾಗಿರಲಿ, ಕಹಿಯಾಗಿರಲಿ, ಸಕಾಲದಲ್ಲಿ ಅದನ್ನು ಕಾಣುವ ಹಕ್ಕೂ ಅವರದೇ ಅಲ್ಲವೆ?