ಕ್ಷಯದ ರೋಗಾಣು ಎದೆಯಲ್ಲಿ ಅಡಗಿ ಕೂರುವ ಬಗೆ

ತೊಗರಿಗೆ ನೆಟೆ ರೋಗ ತರುವ ಶಿಲೀಂಧ್ರವು ಬೆಳೆ ಕಟಾವಾದ ಮೇಲೂ ಕೂಳೆ, ಬೇರುಗಳಲ್ಲಿ ಕೆಲ ವರ್ಷ ಜೀವ ಹಿಡಿದುಕೊಂಡಿರುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮನುಷ್ಯನ ಶ್ವಾಸಕೋಶದಲ್ಲಿ ಕ್ಷಯದ ರೋಗಾಣು ಇದಕ್ಕಿಂತಲೂ ಹಟಮಾರಿಯಾದುದು.

ಬೇಸಾಯಶಾಸ್ತ್ರದವನಿಗೆ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಈ ರೋಗಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ದೊರೆತದ್ದು ಅಮೆರಿಕದ ನ್ಯೂಜೆರ್ಸಿಯ ಕೃಷಿ ಕಾಲೇಜಿನಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ. ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿದವರು ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್.

ರೋಗಿ ಕೆಮ್ಮಿದಾಗ ಹೊರಬೀಳುವ ಅತಿ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತವೆ. ಗಾಳಿಯಾಡದ ಕೋಣೆಯಲ್ಲಿ ಇವು ಗಂಟೆಗಟ್ಟಲೆ ಇರಬಲ್ಲವು. ಉಸಿರಿನೊಡನೆ ಒಳಹೊಕ್ಕ ರೋಗಾಣುವನ್ನು ಶ್ವಾಸಕೋಶದ ಕಾವಲು ಕಣಗಳು ನುಂಗುತ್ತವೆ. ಬೇರೆ ರೋಗಾಣುವಾಗಿದ್ದರೆ ಅಲ್ಲಿಯೇ ಜೀರ್ಣವಾಗುತ್ತಿತ್ತು. ಇದಕ್ಕೆ ಮಾತ್ರ ಮೇಣದಂಥ ದಪ್ಪ ಕವಚವಿದೆ. ಜೀರ್ಣರಸವು ತನ್ನ ಬಳಿ ಬಾರದಂತೆಯೂ ಅದು ತಡೆಯುತ್ತದೆ. ಕಾವಲುಗಾರನ ಹೊಟ್ಟೆಯೇ ಕಳ್ಳನ ಮನೆಯಾಗುತ್ತದೆ! ಆಗ ದೇಹವು ಸುತ್ತಲೂ ಕಣಗಳ ಗೋಡೆ ಕಟ್ಟಿ ಅದನ್ನು ಬಂಧಿಸುತ್ತದೆ. ಸೋಂಕು ತಗುಲಿದ ನೂರು ಜನರಲ್ಲಿ ತೊಂಬತ್ತು ಜನರಿಗೆ ಜೀವಮಾನವಿಡೀ ರೋಗ ಬಾರದಿರುವುದು ಈ ಬಂಧನದಿಂದಲೇ. ಆದರೆ ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಎಚ್.ಐ.ವಿ., ಧೂಮಪಾನಗಳಿಂದ ಗೋಡೆ ಸಡಿಲವಾದರೆ ಎಷ್ಟೋ ವರ್ಷಗಳ ನಂತರವೂ ರೋಗ ಏಳುತ್ತದೆ. ಶ್ವಾಸಕೋಶ ಕೊಳೆತು ಗೂಡಾಗುತ್ತದೆ, ಕಫದಲ್ಲಿ ರೋಗಾಣು ಹೊರಬರುತ್ತದೆ.

ನಮ್ಮ ಭಾಗದಲ್ಲಿ ಧೂಳಿನ ಮಾತನ್ನು ಬಿಡುವಂತಿಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿಸಿ ಕಲ್ಲಿನ ಕೆಲಸಕ್ಕೆ ಹೋಗುವವರು ಅನೇಕರು. ಸಿಲಿಕಾ ಇರುವ ಕಲ್ಲುಧೂಳು ಅದೇ ಕಾವಲು ಕಣಗಳನ್ನು ಕೊಲ್ಲುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಮರಳುಗಲ್ಲು, ಬೆಣಚುಕಲ್ಲುಗಳಲ್ಲಿ ಸಿಲಿಕಾ ಇನ್ನೂ ಹೆಚ್ಚು. ಯಾವುದೇ ಕಲ್ಲಾಗಲಿ, ನೀರು ಹಾಯಿಸಿ ಕೊಯ್ದರೆ ಧೂಳು ಬಹಳ ಕಡಿಮೆ. ಮುಖಕ್ಕೆ ಸುತ್ತಿದ ವಲ್ಲಿಯು ಈ ಸಣ್ಣ ಧೂಳನ್ನು ತಡೆಯದು.

ಹಳ್ಳಿಯವರು ಕೆಮ್ಮನ್ನು ಕಡೆಗಣಿಸುತ್ತಾರೆಂಬ ದೂರು ಹಳೆಯದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರ ಅಧ್ಯಯನವೊಂದು 1963ರಲ್ಲಿಯೇ ಇದು ಸರಿಯಲ್ಲವೆಂದು ತೋರಿಸಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅವರನ್ನು ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಲಾಗಿತ್ತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯನ್ನೇ ಕೇಳಿ ಪಡೆಯಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಈ ರೋಗಾಣು ಇಬ್ಭಾಗವಾಗಿ ಹೆಚ್ಚಲು ಸುಮಾರು ಒಂದು ದಿನ ಬೇಕು. ಕೆಲವಂತೂ ಮಲಗಿಯೇ ಇರುತ್ತವೆ. ಬೆಳೆಯುತ್ತಿರುವ ರೋಗಾಣುವನ್ನು ಔಷಧಿ ಬೇಗ ಕೊಲ್ಲುತ್ತದೆ, ಮಲಗಿದ್ದನ್ನು ಕೊಲ್ಲಲು ತಿಂಗಳುಗಳೇ ಬೇಕು. ಸಾಮಾನ್ಯವಾಗಿ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ ಕೊಡುವುದು ಇದಕ್ಕಾಗಿ. ಮೊದಲ ತಿಂಗಳಲ್ಲೇ ಕೆಮ್ಮು ಇಳಿದು ಮೈ ತುಂಬಿಕೊಳ್ಳುತ್ತದೆ, ಗುಳಿಗೆ ಬಿಟ್ಟುಬಿಡುತ್ತಾರೆ. ಆಗ ಉಳಿದವು ಔಷಧಿಗೆ ಬಗ್ಗದ ತಳಿಯಾಗಿ ಬೆಳೆಯಬಹುದು. ಒಂದೇ ಕೀಟನಾಶಕವನ್ನು ಪದೇ ಪದೇ ಹೊಡೆದು ಕಾಯಿಕೊರಕವನ್ನು ಗಟ್ಟಿ ಮಾಡಿಕೊಂಡವರಿಗೆ ಇದು ತಿಳಿಯುತ್ತದೆ.

ತೊಗರಿ ರಾಶಿಯ ನಂತರ ಹೈದರಾಬಾದು, ಪುಣೆಗೆ ದುಡಿಯಲು ಹೋಗುವ ರೋಗಿಗಳು ಹೊರಡುವ ಮೊದಲೇ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಹೋದ ಊರಿನಲ್ಲಿಯೇ ಔಷಧಿ ಪಡೆಯುವಂತೆ ಚಿಕಿತ್ಸೆಯನ್ನು ವರ್ಗಾಯಿಸಿ ಕೊಡುತ್ತಾರೆ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದ ನೆರವು 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದ್ದು, ಅದು ರೋಗಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.