ನೆಲಮಾಳಿಗೆಯ ಮೇಲಣ ನೆರಳು

ಮದ್ಯದ ಮಾತೆತ್ತಿದೊಡನೆ ಕನ್ನಡ ಓದುಗನ ಕಣ್ಣ ಮುಂದೆ ಎರಡು ಚಿತ್ರಗಳು ನಿಲ್ಲುತ್ತವೆ. ಒಂದು, ಪಂಪಭಾರತದ ಪಾನಗೋಷ್ಠಿ. ಇನ್ನೊಂದು, ರಾಜರತ್ನಂ ಅವರ ಹೆಂಡಗುಡುಕ ರತ್ನ. ಅದು ವಿಲಾಸಿಗಳ ವಿನೋದ. ಇದು ಬಡವನ ಮರೆವು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು: ಬೇಸಗೆಯ ಇಳಿಹೊತ್ತಿನಲ್ಲಿ ಮಡದಿಮಕ್ಕಳೊಡನೆ ಮರದ ಕೆಳಗೆ ಕುಳಿತು, ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ, ತಮ್ಮೂರ ಬಿಯರನ್ನು ಮೆಲ್ಲಮೆಲ್ಲನೆ ಸವಿಯುವುದು. ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ ಇದು ನಿತ್ಯದ ನೋಟ. ಈ ಸುಖ ಒಂದು ನಿಷೇಧದಿಂದ ಹುಟ್ಟಿತೆಂಬುದೇ ಇದರ ಸ್ವಾರಸ್ಯ.

1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್ ನಗರದಲ್ಲಿ ಬವೇರಿಯಾದ ಅರಸರು ಒಂದು ಶಾಸನವನ್ನು ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್ ಹೂ, ನೀರು ಇವಿಷ್ಟೇ ಸಲ್ಲತಕ್ಕವು, ಬೇರಾವುದೂ ಕೂಡದು. ಹುದುಗಿನ ಹೆಸರು ಅದರಲ್ಲಿಲ್ಲ. ಅದರ ಜೀವರಹಸ್ಯ ಆಗಿನವರಿಗೆ ತಿಳಿದಿರಲಿಲ್ಲ. ಗೋಧಿ, ರೈ ಧಾನ್ಯಗಳು ರೊಟ್ಟಿಗೆ ಉಳಿಯಲಿ ಎಂಬ ಎಚ್ಚರವೂ ಈ ನಿಯಮದ ಹಿಂದೆ ಇದ್ದಿತು. ಬೆಲೆಯನ್ನೂ ಶಾಸನ ಗೊತ್ತುಮಾಡಿತು: ಒಂದು ಅಳತೆಗೆ ಚಳಿಗಾಲದಲ್ಲಿ ಒಂದು ಫೆನ್ನಿಗ್, ಬೇಸಗೆಯಲ್ಲಿ ಎರಡಕ್ಕೆ ಮೀರಕೂಡದು. ಬಡವನ ಲೋಟವನ್ನು ಅರಸನ ಶಾಸನ ಕಾಯುತ್ತಿದ್ದಿತು.

ಮುಂದೆ 1553ರಲ್ಲಿ ಇನ್ನೊಂದು ಕಟ್ಟಳೆ ಬಂದಿತು. ಸೇಂಟ್ ಮೈಕೇಲನ ಹಬ್ಬವಾದ ಸೆಪ್ಟೆಂಬರ್ 29ರಿಂದ ಸೇಂಟ್ ಜಾರ್ಜನ ಹಬ್ಬವಾದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕುದಿಸಬಹುದು. ಬೇಸಗೆಯಲ್ಲಿ ಕುದಿಸಿದ ಬಿಯರ್ ಬೇಗ ಕೆಡುತ್ತಿದ್ದಿತು. ಒಲೆಗಳಿಂದ ಊರಿಗೆ ಬೆಂಕಿಯ ಭಯವೂ ಇದ್ದಿತು. ಹಾಗಾದರೆ ಬೇಸಗೆಯ ಬಾಯಾರಿಕೆಗೆ ಏನು ಗತಿ? ಮಾರ್ಚಿಯಲ್ಲಿಯೇ ತುಸು ಗಟ್ಟಿಯಾದ, ಹಾಪ್ ಹೆಚ್ಚು ಹಾಕಿದ ಬಿಯರನ್ನು ಮಾಡಿ ಕೂಡಿಡುವುದು. ಇದಕ್ಕೆ ಮೇರ್ತ್ಸನ್, ಎಂದರೆ ಮಾರ್ಚಿಯದು, ಎಂದೇ ಹೆಸರು.

ಕೂಡಿಡಲು ತಂಪು ಬೇಕು. ಮ್ಯೂನಿಕ್ಕಿನ ಬಿಯರುಗಾರರು ಈಸಾರ್ ನದಿಯ ಎತ್ತರದ ದಂಡೆಯಲ್ಲಿ ನೆಲಮಾಳಿಗೆಗಳನ್ನು ತೋಡಿದರು. ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು ಅದರೊಳಗೆ ಒಟ್ಟಿದರು. ಮೇಲೆ ಗರಸು ಹರಡಿ ಚೆಸ್ಟ್‌ನಟ್ ಜಾತಿಯ ಮರಗಳನ್ನು ನೆಟ್ಟರು. ಅವುಗಳ ಎಲೆ ಅಗಲ, ನೆರಳು ದಟ್ಟ. ಬೇರು ಆಳಕ್ಕಿಳಿದು ಕಮಾನನ್ನು ಸೀಳುವುದಿಲ್ಲ. ಬಿಯರಿಗೆಂದು ನೆಟ್ಟ ನೆರಳು ಕ್ರಮೇಣ ಮನುಷ್ಯರನ್ನೂ ಕರೆಯಿತು. ಜನ ಅಲ್ಲಿಯೇ ಕುಳಿತು ಕುಡಿಯತೊಡಗಿದರು.

ಊರೊಳಗಿನ ಹೋಟೆಲಿನವರು ಸುಮ್ಮನಿದ್ದಾರೆಯೆ? ವ್ಯಾಪಾರ ಕೆಟ್ಟಿತೆಂದು ದೂರು ಹೋಯಿತು. 1812ರ ಜನವರಿ 4ರಂದು ದೊರೆ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್ ಕೊಟ್ಟ ತೀರ್ಮಾನ ನಮ್ಮ ಮರ್ಯಾದೆರಾಮನ ಕಥೆಗಳಿಗೆ ಒಪ್ಪುವಂಥದು: ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾಳಿಗೆಯವರು ಬಿಯರ್ ಮಾರಲಿ, ಜೊತೆಗೆ ರೊಟ್ಟಿಯನ್ನು ಕೊಡಲಿ; ಬೇರೆ ತಿನಿಸು ಮಾತ್ರ ಕೂಡದು. ಜನ ಬುತ್ತಿ ಕಟ್ಟಿಕೊಂಡು ಬಂದರು. ಆ ಕಟ್ಟು ಎಂದೋ ಸಡಿಲಿತು. ಬುತ್ತಿಯ ಹಕ್ಕು ಮಾತ್ರ ಇಂದಿಗೂ ಉಳಿದಿದೆ. ಕೊಂಡ ಬಿಯರಿನೊಡನೆ ಮನೆಯ ರೊಟ್ಟಿ, ಮೂಲಂಗಿ, ಗಿಣ್ಣು ತಿಂದರೆ ಕೇಳುವವರಿಲ್ಲ. ಉತ್ತರದ ಫ್ರಾಂಕೋನಿಯ ಸೀಮೆಯವರ ನುಡಿಗಟ್ಟು ಇನ್ನೂ ಸೊಗಸು. ಅವರು ನೆಲಮಾಳಿಗೆಗೆ ಇಳಿಯುವುದಿಲ್ಲ. 'ನೆಲಮಾಳಿಗೆಯ ಮೇಲೆ' ಹೋಗುತ್ತಾರೆ. ಒಂದು ವಿಭಕ್ತಿಯೊಳಗೆ ಇಡೀ ಚರಿತ್ರೆ ಅಡಗಿದೆ.

ಈ ತೋಪುಗಳ ಉದ್ದನೆಯ ಬೆಂಚುಗಳಲ್ಲಿ ಅಧಿಕಾರಿ, ಕೂಲಿಗಾರ, ವಿದ್ಯಾರ್ಥಿ ಒತ್ತಾಗಿ ಕೂರುತ್ತಾರೆ. 1995ರಲ್ಲಿ ನೆರೆಯವರ ದೂರಿನಿಂದ ಒಂದು ತೋಪನ್ನು ರಾತ್ರಿ ಬೇಗ ಮುಚ್ಚಬೇಕಾಗಿ ಬಂದಾಗ ಸಾವಿರಾರು ಜನ ಮ್ಯೂನಿಕ್ಕಿನ ಬೀದಿಗಿಳಿದರು. 1999ರ ಸರ್ಕಾರಿ ನಿಯಮ ಇಬ್ಬರ ಮಾತನ್ನೂ ಮನ್ನಿಸಿತು: ಸಂಗೀತ ಹತ್ತು ಗಂಟೆಗೆ ನಿಲ್ಲಬೇಕು, ತೋಪು ಹನ್ನೊಂದಕ್ಕೆ ಬರಿದಾಗಬೇಕು.

19ನೆಯ ಶತಮಾನದ ಕೊನೆಯ ಭಾಗದಲ್ಲಿ ಲಿಂಡೆಯ ಶೀತಲಯಂತ್ರ ಬಂದಿತು. ಬಿಯರಿಗೆ ಋತುವಿನ ಹಂಗು ತಪ್ಪಿತು. ಕಾರ್ಖಾನೆಗಳು ಬೆಳೆದವು, ರುಚಿಗಳು ಒಂದೇ ಅಚ್ಚಿನವಾದವು. ಶುದ್ಧಿಯ ಶಾಸನ ಮಾತ್ರ ಹೆಮ್ಮೆಯ ಮಾತಾಗಿ ಉಳಿಯಿತು. ಆದರೆ ಆ ಶಾಸನ ಬಾರ್ಲಿ ಎಂದಿತೇ ಹೊರತು ಎಂಥ ಹೊಲದ ಬಾರ್ಲಿ ಎಂದು ಕೇಳಲಿಲ್ಲ. ಆಗ ಹಾಗೆ ಕೇಳುವ ಅಗತ್ಯವೂ ಇರಲಿಲ್ಲ. 2016ರಲ್ಲಿ, ಶಾಸನಕ್ಕೆ ಸರಿಯಾಗಿ 500 ವರ್ಷ ತುಂಬಿದಾಗ, ಮ್ಯೂನಿಕ್ಕಿನ ಪರಿಸರ ಸಂಸ್ಥೆಯೊಂದು ಹೆಸರಾಂತ 14 ಬಿಯರುಗಳನ್ನು ಪರೀಕ್ಷಿಸಿತು. ಎಲ್ಲದರಲ್ಲಿಯೂ ಗ್ಲೈಫೋಸೇಟ್ ಎಂಬ ಕಳೆನಾಶಕದ ಅಂಶ ಸಿಕ್ಕಿತು. ಅಪಾಯವಾಗಬೇಕಾದರೆ ದಿನಕ್ಕೆ ಸುಮಾರು 1,000 ಲೀಟರು ಕುಡಿಯಬೇಕಾದೀತೆಂದು ಸರ್ಕಾರಿ ತಜ್ಞರು ಸಮಾಧಾನ ಹೇಳಿದರು. ಲೆಕ್ಕ ಸರಿಯೇ ಇರಬಹುದು. ಆದರೆ ಶುದ್ಧಿಯೆಂಬ ಮಾತಿನ ಮೇಲೆ ಬಿದ್ದ ಕಲೆ ಲೆಕ್ಕದಿಂದ ಹೋಗುವುದಲ್ಲ.

ಕೇಳದೆ ಉಳಿದ ಆ ಪ್ರಶ್ನೆಗೆ ಉತ್ತರವನ್ನು ಕೆಲವು ಊರುಗಳ ಬಿಯರುಗಾರರು ಬಹಳ ಮೊದಲೇ ಹುಡುಕಿದ್ದರು. ನಾಯ್‌ಮಾರ್ಕ್ಟ್ ಪಟ್ಟಣದ ಹಳೆಯ ಮನೆತನವಾದ ಲಾಮ್ಸ್‌ಬ್ರಾಯ್ 1980ರ ದಶಕದಲ್ಲಿಯೇ ಸಾವಯವ ಬಿಯರಿಗೆ ಕೈಹಾಕಿತು. ಸುತ್ತಣ ರೈತರೊಡನೆ ಕರಾರು ಮಾಡಿಕೊಂಡು ರಾಸಾಯನಿಕ ಮುಟ್ಟದ ಧಾನ್ಯವನ್ನು ಬೆಳೆಯಿಸಿ, ತನ್ನ ಕಣ್ಣೆದುರಿಗೇ ಮೊಳಕೆ ಕಟ್ಟಿಸುತ್ತದೆ. ಹೊಲಕ್ಕೆ ಸುರಿದ ವಿಷ ಇಂದಲ್ಲ ನಾಳೆ ಬಾವಿಗಿಳಿಯುತ್ತದೆ, ಬಿಯರಿನ ಬಹುಪಾಲು ನೀರೇ ಎಂಬುದನ್ನು ಬಲ್ಲವರ ದಾರಿಯಿದು. ರೀಡನ್‌ಬುರ್ಗಿನ ಇನ್ನೊಂದು ಸಾವಯವ ಬಿಯರಿನ ಮನೆ ಎಮ್ಮರ್ ಎಂಬ ಪ್ರಾಚೀನ ಗೋಧಿಯನ್ನು ಮರಳಿ ಬಳಕೆಗೆ ತಂದಿದೆ. ನಮ್ಮ ಬೆಳಗಾವಿ, ಧಾರವಾಡ ಕಡೆಯ ಹುಗ್ಗಿಯ ಜವೆಗೋದಿ ಇದರ ಕುಲದ್ದೇ.

ಬೆಂಗಳೂರಿನಲ್ಲಿಯೂ 2010ರ ಈಚೆಗೆ ಸಣ್ಣ ಬಿಯರಿನ ಮನೆಗಳು ತಲೆಯೆತ್ತಿವೆ. ಬವೇರಿಯಾದ ರೀತಿಯ ಗೋಧಿಬಿಯರ್ ಅಲ್ಲಿ ದೊರೆಯುತ್ತದೆ. ಕೆಲವರು ರಾಗಿಯನ್ನೂ ಬಳಸಿ ನೋಡಿದ್ದಾರೆ. ಪಾಕವೇನೋ ಬಂದಿತು, ಬುತ್ತಿ ಬರಲಿಲ್ಲ. ರತ್ನನಂಥವನು ಒಳಗೆ ಕಾಲಿಡುವಂಥ ಬೆಲೆಯೂ ಅಲ್ಲಿಲ್ಲ.

ಸಾವಯವವೆಂದ ಮಾತ್ರಕ್ಕೆ ಮದ್ಯ ಮದ್ಯವಾಗದೆ ಹೋಗುವುದಿಲ್ಲ. ಮೈಗೆ ಅದರ ಕೇಡು ಇದ್ದೇ ಇದೆ. ಕುಡಿಯದಿರುವವನು ಕಳೆದುಕೊಳ್ಳುವುದೂ ಏನಿಲ್ಲ. ಆದರೆ ಒಂದು ಜನಾಂಗ ತನ್ನ ಸುಖದ ಸುತ್ತ ಋತುವಿನ, ಬೆಲೆಯ, ನೆರೆಯವನ ನಿದ್ದೆಯ ಬೇಲಿ ಕಟ್ಟಿ, ಈಗ ಹೊಲದ ಆರೋಗ್ಯವನ್ನೂ ಆ ಬೇಲಿಯೊಳಗೆ ಸೇರಿಸಿಕೊಳ್ಳುತ್ತಿರುವ ಪರಿ ಕುಡಿಯದವನೂ ಮೆಚ್ಚಬೇಕಾದದ್ದು. ಬೇಲಿಯಿದ್ದಲ್ಲಿ ಬೆಳೆ ಉಳಿಯುತ್ತದೆ ಎಂಬುದು ರೈತರ ನಾಡಾದ ನಮಗೆ ಹೊಸ ಮಾತೇನೂ ಅಲ್ಲ.