ಕರಗಲೊಲ್ಲದ ಅರಗು

ಕುಕ್ಕರಿನ ಹಿಡಿ ಮುರಿದಿತ್ತು. ಎರಡೇ ತುಂಡು, ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದವು. ನನಗಾಗ ಹನ್ನೆರಡೋ ಹದಿಮೂರೋ ವರ್ಷ. ಅಂಚೆ ಕಚೇರಿಯಲ್ಲಿ ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದು, ಪಾರ್ಸೆಲ್ಲಿನ ಮೇಲೆ ತೊಟ್ಟಿಕ್ಕಿದ ಹನಿಗೆ ಹಿತ್ತಾಳೆಯ ಮುದ್ರೆ ಒತ್ತುವುದನ್ನು ಕಣ್ಣು ಬಿಟ್ಟು ನೋಡುತ್ತಿದ್ದವನು ನಾನು. ಅದೇ ಉಪಾಯ ಇಲ್ಲೂ ನಡೆದೀತೆಂದು ಎರಡೂ ತುಂಡುಗಳ ಅಂಚನ್ನು ಒಲೆಯ ಉರಿಗೆ ಒಡ್ಡಿದೆ. ಕರಗಲಿಲ್ಲ. ಮೆತ್ತಗೂ ಆಗಲಿಲ್ಲ. ಅಂಚು ಕರಿಕಾಗಿ, ಆಸ್ಪತ್ರೆಯ ನೆಲ ಒರೆಸಿದಾಗಿನಂಥ ಘಾಟು ಅಡುಗೆಮನೆ ತುಂಬಿತು. ಅಮ್ಮ ಓಡಿ ಬಂದವಳು ಒಲೆ ಆರಿಸಿ ಹೇಳಿದಳು: "ಅದು ಅರಗಲ್ಲ ಕಣೋ, ಬ್ಯಾಕಲೈಟು. ಸುಟ್ಟು ಹೋದೀತೇ ಹೊರತು ಕರಗೋದಿಲ್ಲ."

ಅರಗಲ್ಲ, ಬ್ಯಾಕಲೈಟು. ಅಮ್ಮನ ಆ ಎರಡು ಪದಗಳ ನಡುವೆ ಎಂಥ ಕಥೆಯೊಂದು ಅಡಗಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಒಂದು ಪೇಟೆಂಟಿನ ತಲೆಬರಹ ಓದಿದಾಗ. ಅದರ ಸಂಖ್ಯೆ 9,42,699. ಅರ್ಜಿ ಹಾಕಿದ್ದು 1907ರ ಜುಲೈ 13ರಂದು, ಮಂಜೂರಾದದ್ದು 1909ರ ಡಿಸೆಂಬರ್ 7ರಂದು. ತಲೆಬರಹದ ಅರ್ಥ ಇಷ್ಟು: ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಕರಗದ ಪದಾರ್ಥಗಳನ್ನು ಮಾಡುವ ವಿಧಾನ. "ಕರಗದ" ಎಂಬ ಆ ಪದ ನೋಡಿ! ಅದಕ್ಕೆ ಮೂವತ್ತೈದು ವರ್ಷಗಳ ಹಿಂದೆ ರಸಾಯನ ವಿಜ್ಞಾನಿಗಳು ಯಾವುದನ್ನು ಶಾಪವೆಂದು ತಿಪ್ಪೆಗೆ ಎಸೆದಿದ್ದರೋ, ಅದನ್ನೇ ಒಬ್ಬ ಮನುಷ್ಯ ತನ್ನ ಆವಿಷ್ಕಾರದ ಹಣೆಯ ಮೇಲೆ ಬರೆದುಕೊಂಡಿದ್ದ.

ಆದರೆ ಮೊದಲು ಅರಗಿನ ಬಳಿಗೆ ಹೋಗಬೇಕು. ಅದಿಲ್ಲದೆ ಇದಿಲ್ಲ.

ಚನ್ನಪಟ್ಟಣದ ಗೊಂಬೆ ಮಾಡುವ ಮನೆಯೊಂದರಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಲೇತಿನ ಮೇಲೆ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಆ ಹಿರಿಯರು ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಸುಮ್ಮನೆ ಒತ್ತಿದರು. ಒಂದು ಕ್ಷಣದಲ್ಲಿ ಬರಿಯ ಮರಕ್ಕೆ ಹಳದಿ ಹೊಳಪು ಉಟ್ಟಂತಾಯಿತು. "ಬೆಂಕಿ ಬೇಡ ಸಾರ್, ತಿರುಗೋ ಬಿಸಿಗೇ ಕರಗುತ್ತೆ" ಅಂದರು. ಅರಗಿನ ಗುಣವೆಲ್ಲ ಆ ಮಾತಿನಲ್ಲಿದೆ. ಸ್ವಲ್ಪ ಬಿಸಿ ಸಾಕು, ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ದುರ್ಯೋಧನ ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ್ದು ಸುಮ್ಮನೆ ಅಲ್ಲ.

ಈ ಅರಗು ಒಂದು ಹುಳುವಿನ ಸ್ರಾವ. ಮುತ್ತುಗ, ಎಲಚಿ, ಕುಸುಮದಂಥ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಹೆಣ್ಣು ಹುಳು ತನ್ನ ಮೈಯಿಂದಲೇ ಅಂಟು ಒಸರಿಸಿ, ಅದರೊಳಗೇ ಮುಚ್ಚಿಹೋಗಿ ಬಾಳು ಮುಗಿಸುತ್ತದೆ. ಲಕ್ಷದ ಲೆಕ್ಕದಲ್ಲಿ ಹುಳುಗಳು ದುಡಿದರೆ ಒಂದಿಷ್ಟು ಅರಗು. ಕೊಂಬೆಯಿಂದ ಕೆರೆದು, ತೊಳೆದು, ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಬೆಂಕಿಯ ಮುಂದೆ ಹಿಂಡಿ, ಬಿಸಿ ಇರುವಾಗಲೇ ಕೈ, ಕಾಲ್ಬೆರಳು, ಹಲ್ಲುಗಳಿಂದ ಹಿಡಿದು ಎಳೆದು ಹಾಳೆ ಮಾಡುತ್ತಿದ್ದ ನುರಿತವರು ನಮ್ಮ ದೇಶದಲ್ಲಿದ್ದರು. ಇಡೀ ಜಗತ್ತಿನ ಅರಗಿನ ಬಹುಪಾಲು ಇಂಡಿಯಾದಿಂದ ಹೋಗುತ್ತಿತ್ತು. ಗ್ರಾಮಫೋನ್ ತಟ್ಟೆಗಳಿಗೂ ಅರಗೇ, ಮರದ ಸಾಮಾನಿನ ಹೊಳಪಿಗೂ ಅರಗೇ.

ಆಗ ಬಂತು ವಿದ್ಯುತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಲೋಕದಲ್ಲೆಲ್ಲ ಹೀಗೆಯೇ. ತಂತಿ ಸುತ್ತಿದ ಸುರುಳಿಗಳು, ಮೋಟಾರುಗಳು, ಸ್ವಿಚ್ಚುಗಳು. ಎಲ್ಲದಕ್ಕೂ ಕರೆಂಟು ಹಾಯದಂಥ ಲೇಪ ಬೇಕು. ಆ ಲೇಪಕ್ಕೂ ಅರಗೇ ಗತಿ! ಹುಳುಗಳೋ, ಕಾರ್ಖಾನೆಯ ಸೈರನ್ನಿಗೆ ಓಗೊಡುವ ಜಾತಿಯವಲ್ಲ. ಬೆಲೆ ಏರುತ್ತ ಹೋಯಿತು. ಹುಳುವಿಲ್ಲದೆ ಅರಗು ಮಾಡಿದವನಿಗೆ ಹಣದ ಹೊಳೆಯೇ ಹರಿದೀತೆಂದು ಹಲವರು ಲೆಕ್ಕ ಹಾಕಿದರು.

ಹಾಗೆ ಲೆಕ್ಕ ಹಾಕಿದವರಲ್ಲೊಬ್ಬ ಲಿಯೋ ಬೇಕ್‌ಲ್ಯಾಂಡ್. 1863ರಲ್ಲಿ ಬೆಲ್ಜಿಯಮ್ಮಿನ ಘೆಂಟ್ ಊರಿನಲ್ಲಿ ಹುಟ್ಟಿದವನು. ಅಪ್ಪ ಚಪ್ಪಲಿ ಹೊಲಿಯುವವನು, ಅಮ್ಮ ಮನೆಗೆಲಸದವಳು. ಹುಡುಗ ಇಪ್ಪತ್ತೊಂದಕ್ಕೇ ಡಾಕ್ಟರೇಟ್ ಪಡೆದ, ಗುರುಗಳ ಮಗಳನ್ನು ಮದುವೆಯಾದ, 1889ರಲ್ಲಿ ಅಮೆರಿಕಕ್ಕೆ ಹೋದ. ಕೃತಕ ಬೆಳಕಿನಲ್ಲೇ ಅಚ್ಚು ಹಾಕಬಹುದಾದ ವೆಲಾಕ್ಸ್ ಎಂಬ ಫೋಟೊ ಕಾಗದ ಮಾಡಿದ; 1899ರಲ್ಲಿ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್ ಅದನ್ನು ಭಾರಿ ಮೊತ್ತಕ್ಕೆ ಕೊಂಡುಕೊಂಡ. ಮೂವತ್ತಾರರ ಹೊತ್ತಿಗೇ ಸಿರಿವಂತ! ಹಡ್ಸನ್ ನದಿಯ ದಡದ ಯಾಂಕರ್ಸ್‌ನಲ್ಲಿ ದೊಡ್ಡ ಮನೆ ಕೊಂಡು, ಅಲ್ಲೇ ಪ್ರಯೋಗಶಾಲೆ ಹೂಡಿದ. ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ.

1872ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ನೋಡಿದ್ದರು. ಫೀನಾಲ್ ಅಂದರೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಕಾರ್ಬಾಲಿಕ್ ಆಮ್ಲ. ನನ್ನ ಮೂಗಿಗೆ ಬಡಿದ ಆಸ್ಪತ್ರೆಯ ಘಾಟು ಅದರದ್ದೇ. ಬೇಯರ್ ಹುಡುಕುತ್ತಿದ್ದದ್ದು ಬಣ್ಣ. ಸಿಕ್ಕಿದ್ದು ಪಾತ್ರೆಯ ತಳಕ್ಕೆ ಕಚ್ಚಿಕೊಂಡ ರಾಳ. ಆಲ್ಕೋಹಾಲಿಗೂ ಬಿಡದು, ಆಮ್ಲಕ್ಕೂ ಬಿಡದು. ಪಾತ್ರೆಯೇ ದಂಡ. ಅವರು ಅದನ್ನು ಬದಿಗಿಟ್ಟರು. ಅವರ ನಂತರ ಬಂದವರೂ ಈ ಕ್ರಿಯೆಯನ್ನು ಪಳಗಿಸಲು ಹೋಗಿ ಸೋತರು.

ಬೇಕ್‌ಲ್ಯಾಂಡ್ ತನ್ನ ಸಹಾಯಕ ನೇಥನಿಯಲ್ ಥರ್ಲೋ ಜೊತೆ ಮೊದಲು ಮಾಡಿದ್ದು ಕರಗುವ ರಾಳವನ್ನೇ. ಹೆಸರು ನೊವೊಲ್ಯಾಕ್. ಹೊಸ ಅರಗು ಎಂದೇ ಅದರ ಅರ್ಥ. ನಮ್ಮ "ಲಾಕ್ಷಾ" ಎಂಬ ಸಂಸ್ಕೃತ ಪದ ಆ ಹೆಸರಿನ ಬಾಲದಲ್ಲಿ ಕೂತಿದೆ! ಅದು ಆಗ ವ್ಯಾಪಾರದಲ್ಲಿ ಗೆಲ್ಲಲಿಲ್ಲ. (ಅದರ ವಂಶ ಮಾತ್ರ ಅಳಿಯಲಿಲ್ಲ. ಸಿಲಿಕಾನ್ ಚಿಪ್ಪಿನ ಮೇಲೆ ಬೆಳಕಿನಿಂದ ಗೆರೆ ಕೊರೆಯಲು ಬಳಿಯುವ ಲೇಪಗಳಲ್ಲಿ ಒಂದು ದೊಡ್ಡ ಬಗೆ ಇಂದಿಗೂ ನೊವೊಲ್ಯಾಕ್‌ನದೇ. ಸೋತ ಅರಗು ಕಂಪ್ಯೂಟರಿನ ತೊಟ್ಟಿಲು ತೂಗಿತು.)

ಆಮೇಲೆ ಆತ ಗಾಡಿಯನ್ನೇ ತಿರುಗಿಸಿಬಿಟ್ಟ. ಕರಗುವುದನ್ನು ಬಯಸಿ ಕರಗದ್ದನ್ನು ಬೈಯುವುದು ಯಾಕೆ? ಕರಗದ್ದೇ ನನಗೆ ಬೇಕು! 1907ರ ಜೂನ್. ಮೆದುವಾದ ಮರದ ತುಂಡುಗಳಿಗೆ ಈ ರಸ ಕುಡಿಸಿ ಗಟ್ಟಿ ಮಾಡಬಹುದೇ ಎಂದು ಮೊಹರು ಹಾಕಿದ ಕೊಳವೆಗಳಲ್ಲಿ ಕಾಯಿಸುತ್ತಿದ್ದಾಗ, ಮರದಿಂದ ಹೊರಗೆ ಒಸರಿದ ಅಂಟು ಮರಕ್ಕಿಂತ ಹೆಚ್ಚಿನದಾಗಿ ಕಂಡಿತು. ಸಿಕ್ಕಿದ ವಸ್ತುಗಳಿಗೆ ನೋಟ್‌ಬುಕ್ಕಿನಲ್ಲಿ ಎ, ಬಿ, ಸಿ, ಡಿ ಎಂದು ಹೆಸರಿಟ್ಟ. ಯಾವ ದ್ರಾವಕಕ್ಕೂ ಜಗ್ಗದ, ಬಿಸಿಗೆ ಮೆತ್ತಗಾಗದ ಆ ಡಿ, ಅದೇ ಬ್ಯಾಕಲೈಟ್.

ಇಲ್ಲಿ ಆತ ಮಾಡಿದ್ದನ್ನು ನಾನು ಎಷ್ಟು ಸಲ ನೆನೆದರೂ ಮೈ ಜುಮ್ಮೆನ್ನುತ್ತದೆ. ಫೀನಾಲೂ ಫಾರ್ಮಾಲ್ಡಿಹೈಡೂ ಕೂಡುವಾಗ ಪ್ರತಿ ಬೆಸುಗೆಗೂ ಒಂದೊಂದು ನೀರಿನ ಅಣು ಹೊರಬೀಳುತ್ತದೆ. ಬಿಸಿಗೆ ಅದು ಹಬೆ. ಹಬೆ ನುಗ್ಗಿದರೆ ರಾಳವೆಲ್ಲ ಗುಳ್ಳೆ ಗುಳ್ಳೆ, ಸ್ಪಂಜಿನಂತೆ. ಮಿಕ್ಕವರು ಹೆದರಿ ಉರಿ ಇಳಿಸುತ್ತಿದ್ದರು, ದಿನಗಟ್ಟಲೆ ಕಾಯುತ್ತಿದ್ದರು. ಈತ ಉರಿ ಏರಿಸಿದ! ನೂರೈವತ್ತು ಡಿಗ್ರಿ, ಇನ್ನೂ ಮೇಲೆ. ಆದರೆ ಜೊತೆಗೇ ಭದ್ರವಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಒತ್ತಡ ಹಾಕಿದ. ಒತ್ತಡದಲ್ಲಿ ಗುಳ್ಳೆ ಏಳಲು ಜಾಗವೇ ಇಲ್ಲ. ದಿನಗಳ ಕೆಲಸ ಗಂಟೆಗೆ ಬಂತು. ಆ ಮೊಟ್ಟೆಯಾಕಾರದ ಪಾತ್ರೆಗೆ ಬೇಕಲೈಸರ್ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದೊಂದು ಪ್ರೆಶರ್ ಕುಕ್ಕರು. ನನ್ನ ಅಮ್ಮನ ಕುಕ್ಕರಿನ ಹೊರಗೆ ಹಿಡಿಯಾಗಿ ಕೂತ ವಸ್ತು, ಲೋಕಕ್ಕೆ ಬಂದದ್ದು ಕುಕ್ಕರಿನ ಒಳಗಿಂದ!

ಯಾಕೆ ಕರಗುವುದಿಲ್ಲ? ತುಪ್ಪ ಹೆಪ್ಪುಗಟ್ಟುತ್ತದೆ, ಕಾಯಿಸಿದರೆ ಮತ್ತೆ ತುಪ್ಪ. ಇಡ್ಲಿ ಹಾಗಲ್ಲ, ಬೆಂದ ಮೇಲೆ ಇನ್ನೆಷ್ಟು ಬೇಯಿಸಿದರೂ ಹಿಟ್ಟಾಗದು. ಬ್ಯಾಕಲೈಟ್ ಇಡ್ಲಿಯ ಜಾತಿ. ಫೀನಾಲಿನ ಒಂದೊಂದು ಅಣುವಿಗೂ ಕೈಹಿಡಿಯಲು ಮೂರು ಜಾಗಗಳಿವೆ. ಎರಡೇ ಕೈ ಇದ್ದಿದ್ದರೆ ಮಣಿಸರದಂತೆ ಉದ್ದಕ್ಕೆ ಸಾಲಾಗುತ್ತಿತ್ತು. ಬಿಸಿ ತಾಗಿದರೆ ಸರಗಳು ಒಂದರ ಮೇಲೊಂದು ಜಾರಿ ಕರಗುತ್ತಿತ್ತು. ಮೂರನೆಯ ಕೈ ಇರುವುದರಿಂದ ಸರವೆಲ್ಲ ಬಲೆಯಾಗುತ್ತದೆ. ಮೇಲೆ ಕೆಳಗೆ ಆಚೆ ಈಚೆ ಎಲ್ಲ ಕಡೆಗೂ ಗಂಟು. ಜಾರಲು ಯಾವುದೂ ಬಿಡಿಯಾಗಿ ಉಳಿಯುವುದೇ ಇಲ್ಲ. ಪೂರ್ತಿ ಬೆಂದ ಒಂದು ಹಿಡಿಯನ್ನು ರಸಾಯನ ವಿಜ್ಞಾನಿ ಹೆಚ್ಚುಕಡಿಮೆ ಒಂದೇ ಅಣು ಎಂದು ಎಣಿಸಬಹುದು. ಒಂದೇ ಅಣು! ಕಣ್ಣಿಗೆ ಕಾಣದ್ದೆಂದು ಶಾಲೆಯಲ್ಲಿ ಓದಿದ ಅಣುವನ್ನು ನಾವು ದಿನಾ ಮುಷ್ಟಿಯಲ್ಲಿ ಹಿಡಿದು ಅನ್ನದ ಕುಕ್ಕರು ಇಳಿಸುತ್ತಿದ್ದೇವೆ.

ಲಂಡನ್ನಿನ ಜೇಮ್ಸ್ ಸ್ವಿನ್‌ಬರ್ನ್ ಇದೇ ದಾರಿಯಲ್ಲಿ ಬಂದಿದ್ದ. ಪೇಟೆಂಟ್ ಕಚೇರಿಗೆ ಹೋದರೆ ಬೇಕ್‌ಲ್ಯಾಂಡ್ ಒಂದೇ ದಿನ ಮುಂದೆ! ಒಂದು ದಿನ. ಆ ಸ್ವಿನ್‌ಬರ್ನ್ ಕಡೆಗೆ ಬ್ರಿಟನ್ನಿನ ಬ್ಯಾಕಲೈಟ್ ಕಂಪನಿಯ ಮೊದಲ ಅಧ್ಯಕ್ಷನಾದ. ಅಮೆರಿಕದಲ್ಲಿ ತನ್ನ ಹಕ್ಕನ್ನು ಮೀರಿದ ಎರಡು ಕಂಪನಿಗಳ ಜೊತೆ ಬೇಕ್‌ಲ್ಯಾಂಡ್ ಕೋರ್ಟಿನಲ್ಲಿ ಬಡಿದಾಡಿ, ಗೆದ್ದ ಮೇಲೆ ಅವರನ್ನೇ ಸೇರಿಸಿಕೊಂಡು 1922ರಲ್ಲಿ ಬ್ಯಾಕಲೈಟ್ ಕಾರ್ಪೊರೇಷನ್ ಕಟ್ಟಿದ. ಪೇಟೆಂಟ್ ಎಂಬುದು ಬರಿಯ ಬೀಗ ಎಂದು ಹಲವರು ತಿಳಿದಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ವಿಧಾನವನ್ನು ಒಂದೊಂದು ಹೆಜ್ಜೆಯೂ ಬಿಡದೆ ಲೋಕಕ್ಕೆ ಬರೆದುಕೊಟ್ಟು, ಅದಕ್ಕೆ ಬದಲಾಗಿ ಕೆಲವೇ ವರ್ಷಗಳ ಹಕ್ಕು ಪಡೆಯುವ ಕರಾರು ಅದು. 1920ರ ದಶಕದ ಕೊನೆಗೆ ಆತನ ಹಕ್ಕಿನ ಅವಧಿ ತೀರಿದ ಕೂಡಲೇ ಆ ಬರಹ ಎಲ್ಲರ ಆಸ್ತಿಯಾಯಿತು, ಕಂಡ ಕಂಡಲ್ಲಿ ಅಚ್ಚುಗಳು ಎದ್ದವು.

ಅರ್ಧ ಬೆಂದ ರಾಳವನ್ನು ಪುಡಿ ಮಾಡಿ, ಮರದ ಹೊಟ್ಟು ಬೆರೆಸಿ, ಬಿಸಿ ಅಚ್ಚಿನಲ್ಲಿಟ್ಟು ಒತ್ತಿದರೆ ಕೆಲವು ನಿಮಿಷ ಸಾಕು. ಟೆಲಿಫೋನು ಬಂತು. ರೇಡಿಯೊ ಪೆಟ್ಟಿಗೆ ಬಂತು. ಹಳೆಯ ಮನೆಗಳ ಗೋಡೆಯ ಮೇಲೆ ಟಕ್ಕೆನ್ನುವ ಆ ಕಪ್ಪು ಗುಂಡು ಸ್ವಿಚ್ಚು, ಬಲ್ಬಿನ ಹೋಲ್ಡರು, ಪ್ಲೈವುಡ್ಡಿನ ಅಂಟು, ವಾಹನದ ಬ್ರೇಕಿನ ಪಟ್ಟಿ. ಮನುಷ್ಯ ಅದುವರೆಗೆ ಮಾಡಿದ್ದೆಲ್ಲ ಮರವೋ ಮಣ್ಣೋ ಲೋಹವೋ ಪ್ರಾಣಿಯ ಕೊಂಬೋ ಹುಳುವಿನ ಅಂಟೋ ಆಗಿತ್ತು. ಸೆಲ್ಯುಲಾಯ್ಡ್‌ಗೂ ಹತ್ತಿಯ ನಾರು ಬೇಕಿತ್ತು. ಪೂರ್ತಿಯಾಗಿ ರಾಸಾಯನಿಕಗಳಿಂದಲೇ ಕಟ್ಟಿದ ಮೊದಲ ಪ್ಲಾಸ್ಟಿಕ್ ಇದೇ. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ವಸ್ತುವೊಂದು ಹಡ್ಸನ್ ದಡದ ಮನೆಯೊಂದರಲ್ಲಿ ಹುಟ್ಟಿತು. ಇನ್ನು ಅರಗು ಅಳಿಯಿತೆನ್ನಬೇಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ತೆರೆಯಿತು; ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುವುದು ಅಲ್ಲಿಂದಲೇ.

ಕರಗದಿರುವುದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಲಾರೆ. ಗುಜರಿಯವನು ಹಳೆಯ ಕುಕ್ಕರನ್ನು ತೂಗುವಾಗ ಅಲ್ಯುಮಿನಿಯಂ ಇಟ್ಟುಕೊಂಡು ಹಿಡಿಯನ್ನು ಕಿತ್ತು ಎಸೆಯುತ್ತಾನೆ. ಬಕೆಟ್ಟು ಮಗ್ಗುಗಳನ್ನು ಕರಗಿಸಿ ಮತ್ತೆ ಬಕೆಟ್ಟು ಮಾಡಬಹುದು, ಇದನ್ನು ಏನೂ ಮಾಡಲಾಗದು. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಮೈಯನ್ನು ಹತ್ತಿಯ ಕಸ ಮತ್ತು ಇದೇ ಜಾತಿಯ ರಾಳದಿಂದ ಒತ್ತುತ್ತಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಜನ ಆ ಕಾರುಗಳನ್ನು ಬಿಟ್ಟರು. ತುಕ್ಕು ಹಿಡಿಯದ, ಕರಗದ ಆ ಮೈಗಳನ್ನು ಏನು ಮಾಡುವುದೆಂಬುದೇ ದೊಡ್ಡ ತಲೆನೋವಾಯಿತು.

ಆದರೆ ಕರಗದ್ದೇ ಬೇಕಾದ ಜಾಗವೊಂದಿದೆ. ಆ ಜಾಗ ಈ ಭೂಮಿಯ ಮೇಲಿಲ್ಲ.

ಗೆಲಿಲಿಯೊ ನೌಕೆ 1989ರಲ್ಲಿ ಗುರುಗ್ರಹದತ್ತ ಹೊರಟಾಗ ಅದರ ಹೊಟ್ಟೆಯಲ್ಲಿ 339 ಕಿಲೋ ತೂಕದ ಮರಿ ನೌಕೆಯಿತ್ತು. ಅದು ಗುರುವಿನ ವಾತಾವರಣಕ್ಕೆ ಧುಮುಕಬೇಕು. ವೇಗ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್! ಬೆಂಗಳೂರಿನಿಂದ ಮೈಸೂರಿಗೆ ಮೂರೇ ಸೆಕೆಂಡು. ಆ ವೇಗಕ್ಕೆ ಮುಂದಿನ ಅನಿಲ ಸೂರ್ಯನ ಮೈಗಿಂತ ಎರಡು ಪಾಲಿಗೂ ಹೆಚ್ಚು ಬಿಸಿಯಾಗುತ್ತದೆ. ಅದಕ್ಕೆ ತೊಡಿಸಿದ ಕವಚ ಯಾವುದು? ಇಂಗಾಲದ ನೂಲಿಗೆ ಫೀನಾಲಿಕ್ ರಾಳ ಕುಡಿಸಿ ಬೇಯಿಸಿದ್ದು. ಬೇಕ್‌ಲ್ಯಾಂಡನ ರಾಳದ ವಂಶ! ಅದು ಕರಗಿ ಹರಿದುಹೋಗುವುದಿಲ್ಲ. ಒಲೆಯ ಮೇಲೆ ನಾನು ಕಂಡ ಹಾಗೆ ಕರಿಕಾಗುತ್ತದೆ. ಕರಿಕಾಗುತ್ತ ಒಳಗಿನಿಂದ ಅನಿಲ ಹೊರಹೊಮ್ಮಿಸಿ ಆ ಕಾವನ್ನು ಹೊರಕ್ಕೇ ತಳ್ಳುತ್ತದೆ, ಪದರ ಪದರವಾಗಿ ತಾನು ಸವೆದು ಒಳಗಿನ ಯಂತ್ರವನ್ನು ಉಳಿಸುತ್ತದೆ. 152 ಕಿಲೋ ತೂಕದ ಕವಚದಲ್ಲಿ ಸುಮಾರು 80 ಕಿಲೋ ಆ ಕೆಲವು ಕ್ಷಣಗಳಲ್ಲಿ ಆವಿಯಾಯಿತು. ಒಳಗಿನ ಉಪಕರಣಗಳಿಗೆ ಏನೂ ಆಗಲಿಲ್ಲ. ಹತ್ತಿರ ಹತ್ತಿರ ಒಂದು ಗಂಟೆ ಕಾಲ ಅವು ಗುರುವಿನ ಮೋಡಗಳ ನಡುವಿಂದ ಸುದ್ದಿ ಕಳಿಸಿದವು.

ಇದನ್ನು ಓದುವಾಗ ತಾರೀಖುಗಳ ಮೇಲೆ ನನ್ನ ಬೆರಳು ನಿಂತಿತು. ಪೇಟೆಂಟಿನ ಮೊದಲ ಸಾಲುಗಳಿಗೆ ತಿರುಗಿ ಹೋದೆ, ಮತ್ತೆ ಗ್ರಹಯಾನದ ದಾಖಲೆಗೆ ಬಂದೆ. ಬೇಕ್‌ಲ್ಯಾಂಡ್ ಅರ್ಜಿ ಹಾಕಿದ್ದು 1907ರ ಜುಲೈ 13. ಆ ಮರಿ ನೌಕೆ ತಾಯಿಯಿಂದ ಬೇರ್ಪಟ್ಟು ಒಂಟಿಯಾಗಿ ಹೊರಟದ್ದು, ಗ್ರೀನಿಚ್ ಗಡಿಯಾರದ ಪ್ರಕಾರ, 1995ರ ಜುಲೈ 13. ಪೇಟೆಂಟ್ ಕೈಗೆ ಬಂದದ್ದು 1909ರ ಡಿಸೆಂಬರ್ 7. ಕವಚ ಗುರುಗ್ರಹವನ್ನು ಹೊಕ್ಕದ್ದು 1995ರ ಡಿಸೆಂಬರ್ 7.